ಇಳಿಜಾರಿನ ಊರಲ್ಲಿ ಮಟ್ಟ ಹುಡುಕುವ ಬಗೆ

ಮಕ್ಕಳೇ, ಸಕಲೇಶಪುರದ ಕಡೆ ಯಾರಾದರೂ ಮನೆ ಕಟ್ಟಲು ಹೊರಟರೆ ಮೇಸ್ತ್ರಿ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಮಟ್ಟ ನೋಡುವುದು. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವ ಈ ಊರಿನ ಸುತ್ತಮುತ್ತ ಸಪಾಟು ನೆಲ ಸಿಗುವುದು ಕಷ್ಟ. ಗುಡ್ಡದ ಮೈಮೇಲೆ ಕಾಫಿ ತೋಟ, ಗುಡ್ಡಗಳ ನಡುವಿನ ತಗ್ಗಿನಲ್ಲಿ ಗದ್ದೆ. ಪೂರ್ವಕ್ಕೆ ಆಲೂರಿನತ್ತ ಬಂದಂತೆ ಗುಡ್ಡಗಳು ಕುಳ್ಳಾಗುತ್ತವೆ, ಏರಿಳಿತ ಮಾತ್ರ ಮುಗಿಯುವುದಿಲ್ಲ. ಇಂಥ ಕಡೆ ಕಣ್ಣಳತೆ ಸಾಲದು. ಸುತ್ತಲಿನದೆಲ್ಲ ಓರೆಯಾಗಿರುವಾಗ ಯಾವುದು ಸಮ, ಯಾವುದು ಇಳಿಜಾರು ಎಂದು ಕಣ್ಣು ಸುಲಭವಾಗಿ ಮೋಸಹೋಗುತ್ತದೆ.

ಹಾಗಾದರೆ ಇಪ್ಪತ್ತು ಮೀಟರ್ ದೂರದಲ್ಲಿರುವ ಎರಡು ಗೂಟಗಳ ಮೇಲೆ ಒಂದೇ ಎತ್ತರದ ಗುರುತು ಹಾಕುವುದು ಹೇಗೆ? ಇದಕ್ಕೆ ದುಬಾರಿ ಯಂತ್ರಗಳಿವೆ. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಪೈಪು ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಗಾರೆ ಕೆಲಸದವರು ಅದನ್ನು ಲೆವೆಲ್ ಪೈಪು ಎನ್ನುತ್ತಾರೆ.

ನೀರು ತೋರಿಸುವ ಮಟ್ಟ

ಪೈಪಿನ ತುಂಬ ನೀರು ಹಾಕಿ, ಎರಡೂ ತುದಿಗಳಲ್ಲಿ ಸ್ವಲ್ಪ ಜಾಗ ಬಿಡುತ್ತಾರೆ. ಒಬ್ಬರು ಒಂದು ತುದಿಯನ್ನು ಮೊದಲ ಗೂಟಕ್ಕೆ ಹಿಡಿಯುತ್ತಾರೆ, ಇನ್ನೊಬ್ಬರು ಮತ್ತೊಂದು ತುದಿಯನ್ನು ಎರಡನೆಯ ಗೂಟಕ್ಕೆ. ನೀರಿನ ಕುಲುಕಾಟ ನಿಂತ ಮೇಲೆ ಎರಡೂ ಕಡೆ ನೀರು ಎಲ್ಲಿದೆಯೋ ಅಲ್ಲಿ ಗುರುತು ಹಾಕುತ್ತಾರೆ. ಆ ಎರಡು ಗುರುತುಗಳ ಎತ್ತರ ಒಂದೇ. ನಡುವೆ ಪೈಪು ಹಳ್ಳಕ್ಕೆ ಇಳಿದಿರಲಿ, ಕಲ್ಲಿನ ರಾಶಿ ಸುತ್ತಿರಲಿ, ಗೋಡೆಯ ಮೂಲೆ ತಿರುಗಿರಲಿ, ಲೆಕ್ಕ ಬದಲಾಗುವುದಿಲ್ಲ.

ಏಕೆ? ನೀರಿನ ಒತ್ತಡ ಅದರ ಆಳವನ್ನು ಅವಲಂಬಿಸಿದೆ. ಒಂದು ಕಡೆ ನೀರು ಎತ್ತರವಾಗಿ ನಿಂತಿದ್ದರೆ ಆ ಕಡೆಯ ಒತ್ತಡ ಹೆಚ್ಚು, ಆದ್ದರಿಂದ ಅದು ನೀರನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ಎರಡೂ ಕಡೆಯ ಒತ್ತಡ ಸಮನಾದಾಗಲೇ ನೀರು ನಿಲ್ಲುವುದು. ತೆರೆದ ತುದಿಗಳ ಮೇಲೆ ಗಾಳಿಯ ಒತ್ತಡವೂ ಸಮನಾಗಿ ಬೀಳುತ್ತದೆ. ಹಾಗಾಗಿ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಅಳತೆ ತಪ್ಪುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಯೂ ಅಳತೆ ಕೆಡಿಸುತ್ತದೆ. ಅನುಭವವಿರುವವರು ಮೊದಲು ಪೈಪನ್ನು ಉದ್ದಕ್ಕೂ ನೋಡಿ, ಗುಳ್ಳೆಗಳನ್ನು ಹೊರಗೆ ಬಿಡುತ್ತಾರೆ. ಆಮೇಲೆ ಎರಡೂ ತುದಿಗಳನ್ನು ಅಕ್ಕಪಕ್ಕ ಹಿಡಿದು, ನೀರು ಸಮನಾಗಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಾರೆ.

ಇದೇ ಪೈಪಿನಿಂದ ಇಳಿಜಾರನ್ನೂ ಅಳೆಯಬಹುದು. ಹತ್ತು ಮೀಟರ್ ದೂರದಲ್ಲಿ ಎರಡು ಕೋಲು ನೆಡಿ. ಒಂದು ಕೋಲಿನ ಬಳಿ ನೀರು ನೆಲದಿಂದ 90 ಸೆಂಟಿಮೀಟರ್ ಮೇಲಿದೆ, ಇನ್ನೊಂದರ ಬಳಿ 110 ಸೆಂಟಿಮೀಟರ್ ಮೇಲಿದೆ ಎಂದುಕೊಳ್ಳೋಣ. ಎರಡನೆಯ ಕಡೆ ನೆಲ 20 ಸೆಂಟಿಮೀಟರ್ ತಗ್ಗಾಗಿದೆ. ಅಂದರೆ 50 ಮೀಟರಿಗೆ 1 ಮೀಟರ್ ಇಳಿಜಾರು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ರೈಲುಹಳಿಯ ಕಡಿದಾದ ಭಾಗಗಳ ಇಳಿಜಾರೂ ಇಷ್ಟೇ. ನಡೆಯುವ ನಮಗೆ ಇದು ಅಷ್ಟಾಗಿ ಗೊತ್ತೇ ಆಗದು. ಭಾರದ ರೈಲಿಗೆ ಮಾತ್ರ ಈ ಏರು ಹತ್ತಲು ಹೆಚ್ಚುವರಿ ಎಂಜಿನ್ ಬೇಕಾಗುತ್ತದೆ.

ಮೂರು ಕೋಲು, ಒಂದು ಕಲ್ಲು

ಮಟ್ಟ ಬೇಕಾಗುವುದು ಮನೆಗೆ ಮಾತ್ರವಲ್ಲ, ಮಳೆಗೂ ಬೇಕು. ಕಾಫಿ ಬೆಳೆಗಾರರು ಮಳೆಯನ್ನು ಇಂಚಿನಲ್ಲಿ ಲೆಕ್ಕ ಹಾಕುವುದನ್ನು ನೀವು ಕೇಳಿರಬಹುದು. ಒಂದು ಎಕರೆ ತೋಟದ ಮೇಲೆ ಒಂದು ಇಂಚು ಮಳೆ ಬಿತ್ತೆಂದರೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು! ಈ ನೀರು ಇಳಿಜಾರಿನಲ್ಲಿ ನೇರ ಕೆಳಗೆ ಓಡಿದರೆ ಮೇಲ್ಮಣ್ಣನ್ನು ಹೊತ್ತೊಯ್ಯುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಅಷ್ಟೇ ನೀರಿನ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ತೋಟದ ಮಣ್ಣು ಹಳ್ಳ ಸೇರಿ, ಹೇಮಾವತಿ ಸೇರಿ, ಕೊನೆಗೆ ಗೊರೂರಿನ ಜಲಾಶಯದ ತಳದಲ್ಲಿ ಹೂಳಾಗಿ ಕೂರುತ್ತದೆ.

ನೀರನ್ನು ತಡೆದು ಇಂಗಿಸಲು ತೋಟಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ತೊಟ್ಟಿಲು ಗುಂಡಿ, ಸಮಪಾತಳಿ ಬದುಗಳನ್ನು ಮಾಡುತ್ತಾರೆ. ಉದ್ದನೆಯ ಬದು ಒಂದೇ ಮಟ್ಟದಲ್ಲಿ ಇರಬೇಕು. ಒಂದು ಕಡೆ ತಗ್ಗಿದ್ದರೂ ನೀರೆಲ್ಲ ಅಲ್ಲಿಗೆ ನುಗ್ಗಿ ಬದುವನ್ನು ಒಡೆಯುತ್ತದೆ.

ಆ ಸಮಮಟ್ಟದ ಗೆರೆ ಹುಡುಕಲು ಬೇಕಾಗುವುದು ಮೂರು ಕೋಲು, ಒಂದು ದಾರ, ಒಂದು ಕಲ್ಲು. ಸುಮಾರು ಎರಡು ಮೀಟರಿನ ಎರಡು ಕೋಲುಗಳ ತಲೆ ಜೋಡಿಸಿ, ಕಾಲು ಅಗಲಿಸಿ, ನಡುವೆ ಮೂರನೆಯದನ್ನು ಅಡ್ಡ ಕಟ್ಟಿ. ಇಂಗ್ಲಿಷಿನ ‘ಎ’ ಅಕ್ಷರದ ಚೌಕಟ್ಟು ಸಿದ್ಧವಾಯಿತು. ತಲೆಯಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಡಿ. ಭೂಮಿಯ ಗುರುತ್ವ ಕಲ್ಲನ್ನು ಎಳೆಯುವುದರಿಂದ ದಾರ ನೆಟ್ಟಗೆ ಕೆಳಕ್ಕೆ ನಿಲ್ಲುತ್ತದೆ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಮೇಸ್ತ್ರಿ ಬಳಸುವ ತೂಗುಗುಂಡೂ ಇದೇ ನಿಯಮವನ್ನು ನಂಬಿಕೊಂಡಿದೆ.

ನೀವು ಕಟ್ಟಿದ ಚೌಕಟ್ಟು ಸ್ವಲ್ಪ ಸೊಟ್ಟಗಿರಬಹುದು. ಚಿಂತೆ ಬೇಡ. ನೆಲದಲ್ಲಿ ಎರಡು ಗೂಟ ಹೊಡೆದು, ಅವುಗಳ ಮೇಲೆ ಕಾಲುಗಳನ್ನಿಟ್ಟು, ದಾರ ಅಡ್ಡಕೋಲನ್ನು ಎಲ್ಲಿ ದಾಟುತ್ತದೋ ಅಲ್ಲಿ ಗುರುತು ಹಾಕಿ. ಈಗ ಎಡಗಾಲಿನ ಜಾಗದಲ್ಲಿ ಬಲಗಾಲು, ಬಲಗಾಲಿನ ಜಾಗದಲ್ಲಿ ಎಡಗಾಲು ಬರುವಂತೆ ಚೌಕಟ್ಟನ್ನು ತಿರುಗಿಸಿಟ್ಟು ಇನ್ನೊಂದು ಗುರುತು ಹಾಕಿ. ಎರಡು ಗುರುತುಗಳ ನಟ್ಟನಡುವಿನ ಜಾಗವೇ ನಿಜವಾದ ಮಟ್ಟದ ಗುರುತು. ಗೂಟಗಳ ಏರುಪೇರು ದಾರವನ್ನು ಮೊದಲ ಸಲ ಎಷ್ಟು ಒಂದು ಕಡೆ ಸರಿಸಿತ್ತೋ, ತಿರುಗಿಸಿದಾಗ ಅಷ್ಟೇ ಇನ್ನೊಂದು ಕಡೆ ಸರಿಸುತ್ತದೆ. ನಡುವಿನ ಜಾಗ ಹಿಡಿದಾಗ ಆ ತಪ್ಪು ಅಳಿದುಹೋಗುತ್ತದೆ.

ಆಮೇಲೆ ಗುಡ್ಡದ ಮೇಲೆ ಒಂದು ಕಾಲನ್ನು ಊರಿ, ದಾರ ನಡುಗುರುತಿಗೆ ಬರುವ ತನಕ ಇನ್ನೊಂದು ಕಾಲಿಗೆ ಜಾಗ ಹುಡುಕಿ. ಅಲ್ಲೊಂದು ಗೂಟ. ಅಲ್ಲಿಂದ ಮುಂದಕ್ಕೆ ಮತ್ತೊಂದು. ಹೀಗೆ ಸಾಗಿದರೆ ಗೂಟಗಳ ಸಾಲು ಗುಡ್ಡದ ಮೈಗೆ ತಕ್ಕಂತೆ ಬಳುಕುತ್ತ ಹೋಗುತ್ತದೆ, ಆದರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಈ ಉಪಕರಣ ಬಹಳ ಹಳೆಯದು. ಈಜಿಪ್ಟಿನಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ಬದುಕಿದ್ದ ಸೆನ್ನೆಜೆಮ್ ಎಂಬ ಕುಶಲಕರ್ಮಿಯ ಸಮಾಧಿ 1886ರಲ್ಲಿ ಪತ್ತೆಯಾಯಿತು. ಅದರೊಳಗೆ ಗುಂಡು ತೂಗುವ ಇಂಥದೇ ಮರದ ಚೌಕಟ್ಟು ಇತ್ತು.

ಗುಳ್ಳೆಯ ಗುಟ್ಟು

ಮೇಸ್ತ್ರಿಯ ಚೀಲದಲ್ಲಿ ಇನ್ನೊಂದು ಸಣ್ಣ ವಸ್ತುವಿರುತ್ತದೆ: ರಸಮಟ್ಟ. ಸ್ಪಿರಿಟ್ ಲೆವೆಲ್ ಎಂದೂ ಕರೆಯುತ್ತಾರೆ. ಅದರ ನಡುವಿನ ಪುಟ್ಟ ಕೊಳವೆಯಲ್ಲಿ ದ್ರವವೂ ಒಂದು ಗಾಳಿಗುಳ್ಳೆಯೂ ಇರುತ್ತವೆ. ಕೊಳವೆಯ ಒಳಮೈ ನಡುವಿನಲ್ಲಿ ತುಸು ಉಬ್ಬಿರುತ್ತದೆ. ಹಗುರವಾದ ಗುಳ್ಳೆ ಯಾವಾಗಲೂ ಅತ್ಯಂತ ಎತ್ತರದ ಜಾಗಕ್ಕೆ ಹೋಗುತ್ತದೆ. ಪಟ್ಟಿ ಸಮನಾಗಿದ್ದರೆ ಎತ್ತರದ ಜಾಗ ನಡುವೆ, ಓರೆಯಾದರೆ ಒಂದು ಪಕ್ಕಕ್ಕೆ.

ಅಗ್ಗದ ರಸಮಟ್ಟ ಸರಿಯಾಗಿದೆಯೇ ಎಂದು ತಿಳಿಯಲು ಅದನ್ನು ಮೇಜಿನ ಮೇಲಿಟ್ಟು ಗುಳ್ಳೆ ನೋಡಿ. ಅದೇ ಜಾಗದಲ್ಲಿ ತುದಿ ಬದಲಿಸಿ ತಿರುಗಿಸಿಟ್ಟು ಮತ್ತೆ ನೋಡಿ. ಎರಡು ಸಲವೂ ಗುಳ್ಳೆ ನಿಮ್ಮ ಒಂದೇ ಕಡೆಗೆ ಅಷ್ಟೇ ವಾಲಿದರೆ ಮೇಜು ಓರೆ. ಗುಳ್ಳೆಯೂ ಪಟ್ಟಿಯ ಜೊತೆಗೆ ಕಡೆ ಬದಲಿಸಿದರೆ ದೋಷ ರಸಮಟ್ಟದ್ದು. ಮೂರು ಕೋಲಿನ ಚೌಕಟ್ಟನ್ನು ಪರೀಕ್ಷಿಸಿದ ಉಪಾಯವೇ ಇಲ್ಲೂ ಕೆಲಸಕ್ಕೆ ಬಂತು.

ಮಾಡಿ ನೋಡಿ

ಮೂರು ಮೀಟರ್ ಪಾರದರ್ಶಕ ಪೈಪು ತಂದು, ಒಂದು ಹನಿ ಶಾಯಿ ಬೆರೆಸಿದ ನೀರು ತುಂಬಿ. ಗೆಳೆಯರೊಡನೆ ತರಗತಿಯ ಕಿಟಕಿಗಳು ಒಂದೇ ಎತ್ತರದಲ್ಲಿವೆಯೇ, ಶಾಲೆಯ ಅಂಗಳ ಯಾವ ಕಡೆಗೆ ಎಷ್ಟು ಇಳಿದಿದೆ ಎಂದು ಅಳೆಯಿರಿ. ಮಳೆ ಬಂದಾಗ ನೀರು ಹರಿಯುವ ದಿಕ್ಕನ್ನು ನಿಮ್ಮ ಅಳತೆಯೊಂದಿಗೆ ಹೋಲಿಸಿ. ಚೌಕಟ್ಟಿಗೆ ಕೋಲು ಕಡಿಯುವ ಕೆಲಸವನ್ನು ದೊಡ್ಡವರಿಗೆ ಬಿಡಿ.

ಯಾವುದೇ ಉಪಕರಣ ಕೈಗೆ ಬಂದಾಗ ಅದರ ಬೆಲೆ ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ. ಇದರೊಳಗೆ ಕೆಲಸ ಮಾಡುತ್ತಿರುವ ನಿಸರ್ಗದ ನಿಯಮ ಯಾವುದು? ಇದು ತೋರಿಸುವುದು ಸರಿಯೇ ಎಂದು ಪರೀಕ್ಷಿಸುವುದು ಹೇಗೆ? ಈ ಎರಡಕ್ಕೂ ಉತ್ತರ ಗೊತ್ತಿರುವವರ ಕೈಯಲ್ಲಿ ಅಗ್ಗದ ಪೈಪೂ ನಂಬಿಕೆಯ ಉಪಕರಣವಾಗುತ್ತದೆ. ಉತ್ತರ ಗೊತ್ತಿಲ್ಲದವರಿಗೆ ದುಬಾರಿ ಯಂತ್ರವೂ ತಪ್ಪು ದಾರಿ ತೋರಿಸಬಹುದು.