ಕೆಲಸ ಬಿಡುವ ಮುಂಚೆ ಬರೆಯಿರಿ



ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಇಷ್ಟು ಹತ್ತಿರವಿರುವಾಗ, ಚಿಕ್ಕಬಳ್ಳಾಪುರದಲ್ಲಿ ನಿಂತು ‘ಇಂಜಿನಿಯರ್ ಕೆಲಸ ಬಿಡಿ’ ಎನ್ನುವ ಧೈರ್ಯ ನನಗಿಲ್ಲ. ಕಂಪನಿ ಬಿಟ್ಟು ಕತೆ ಬರೆಯುತ್ತಾನೆ, ದಾರಿ ಬದಲಿಸುವವರಿಗೆ ಕೋಚ್ ಆಗಿದ್ದಾನೆ ಎಂದು ನಿಮ್ಮ ಪದವಿ ಸಮಾರಂಭಕ್ಕೆ ನನ್ನನ್ನು ಕರೆದಿದ್ದೀರಿ. ನಾನು ಹೇಳಬಂದದ್ದು ಇಷ್ಟು: ಕೆಲಸ ಬಿಡುವುದು ತಡವಾದರೂ ಪರವಾಗಿಲ್ಲ, ಬರೆಯುವುದು ತಡವಾಗಬಾರದು.

ಸಂಡೂರಿನ ಕತೆಗಾರ ವಸುಧೇಂದ್ರ ಇಪ್ಪತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವರು. ಅವರ ‘ಮೋಹನಸ್ವಾಮಿ’ ಕತೆಗಳು, 2019ರ ‘ತೇಜೋ ತುಂಗಭದ್ರಾ’ ಕಾದಂಬರಿ ಎಂದರೆ ಇಂದು ಎಲ್ಲರಿಗೂ ಗೊತ್ತು. ಆದರೆ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಬಂದಾಗ ಅವರಿನ್ನೂ ನೌಕರಿಯಲ್ಲೇ ಇದ್ದರು. ಛಂದ ಪುಸ್ತಕ ಎಂಬ ಪ್ರಕಾಶನ ಕಟ್ಟಿ, ಹೊಸ ಕತೆಗಾರರಿಗೆಂದೇ ಬಹುಮಾನವನ್ನೂ ಇಟ್ಟರು. ಇನ್ನೊಬ್ಬ ಕತೆಗಾರ ವಿವೇಕ ಶಾನಭಾಗರು ಓದಿದ್ದು ಇಂಜಿನಿಯರಿಂಗ್. ದೊಡ್ಡ ಕಂಪನಿಯ ಕೆಲಸದ ನಡುವೆಯೇ 2005ರಿಂದ ಏಳು ವರ್ಷ ‘ದೇಶ ಕಾಲ’ ಸಾಹಿತ್ಯ ಪತ್ರಿಕೆ ನಡೆಸಿದರು. ಸಂಬಳ ಬರವಣಿಗೆಯ ಶತ್ರು ಎಂದು ನನಗನ್ನಿಸುವುದಿಲ್ಲ. ತಿಂಗಳ ಕೊನೆಯ ಚಿಂತೆ ಇಲ್ಲದವನ ವಾಕ್ಯಕ್ಕೆ ಆತುರವಿರುವುದಿಲ್ಲ.

ನನ್ನ ಬಳಿ ಬರುವವರ ಮೊದಲ ಮಾತು, ‘ಸಾರ್, ರಿಸೈನ್ ಮಾಡ್ಲಾ?’ ನಾನು ತಿರುಗಿ ಕೇಳುತ್ತೇನೆ: ಸಾಲದ ಕಂತು ಎಷ್ಟು? ಮನೆಯಲ್ಲಿ ಹೇಳಿದ್ದೀರಾ? ಈವರೆಗೆ ಬರೆದದ್ದು ಎಷ್ಟು ಪುಟ? ಕೊನೆಯ ಪ್ರಶ್ನೆಗೆ ಬಹಳಷ್ಟು ಮಂದಿ ಫೋನ್ ನೋಡಿಕೊಳ್ಳುತ್ತಾರೆ. ಉತ್ತರ ಹೇಳಿಕೊಡುವುದು ಕೋಚ್ ಕೆಲಸವಲ್ಲ, ಕೇಳಬೇಕಾದ್ದನ್ನು ಕೇಳುವುದಷ್ಟೇ. ಆ ವಿದ್ಯೆಯ ದೊಡ್ಡ ಮೇಷ್ಟ್ರು ನಿಮ್ಮವರೇ. ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದು, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕಿದರು. ಪ್ರಶ್ನೆ ಕೇಳುವುದನ್ನು ತಲೆಮಾರುಗಳಿಗೆ ಕಲಿಸಿದರು.

ನಿಮ್ಮ ಕಡೆಯವರೇ ಇನ್ನೊಬ್ಬರು, ಚಿಂತಾಮಣಿ ತಾಲ್ಲೂಕಿನ ಕೈವಾರದ ಸಂತಕವಿ ತಾತಯ್ಯನವರು. ಬಳೆ ಮಾರುತ್ತಿದ್ದವರು ಎಂದು ನಿಮ್ಮ ಅಜ್ಜಿಯರು ಹೇಳಿರುತ್ತಾರೆ. ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದರು. ಮನೆಮನೆಯ ಜಗಲಿಯಲ್ಲಿ ಬಳೆ ತೊಡಿಸುವಾಗ ಕಿವಿಗೆ ಬಿದ್ದ ಮಾತು ಸುಮ್ಮನೆ ಹೋಗಿರಲಾರದು ಎಂದು ನನ್ನ ಊಹೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಎಂದು ನಾಚುವವರು ಇಲ್ಲಿದ್ದರೆ, ನಿಮ್ಮ ಪಾತ್ರಗಳು ಮೂರರಲ್ಲೂ ಬೈದಾಡಲಿ.

ಬರೆಯಲು ಏನಿದೆ ಎನ್ನುವವರು ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ. ನೂಲು ತೆಗೆಯುವ ರೀಲರ್ ಜಾಲರಿಯಿಂದ ಹಿಡಿ ಗೂಡು ಎತ್ತುತ್ತಾನೆ. ಬೆರಳಿನಲ್ಲಿ ಒತ್ತುತ್ತಾನೆ, ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ರೈತ ಗೂಡನ್ನು ನೋಡುವುದಿಲ್ಲ, ರೀಲರ್‌ನ ಮುಖವನ್ನೇ ನೋಡುತ್ತಿರುತ್ತಾನೆ. ದರ ಗೊತ್ತಾಗುವ ಮುಂಚಿನ ಆ ಹೊತ್ತಿನಲ್ಲಿ ಹಿಪ್ಪುನೇರಳೆ ತೋಟದ ಬತ್ತಿದ ಬೋರ್‌ವೆಲ್ ಇದೆ, ಸೊಸೈಟಿ ಸಾಲವಿದೆ, ಮಗಳ ಕಾಲೇಜು ಫೀಸಿದೆ. ಇಲ್ಲಿ ಕೂತ ಕೆಲವರ ಫೀಸೂ ಅಲ್ಲಿಂದಲೇ ಬಂದಿರಬೇಕು. ಅದನ್ನು ಹೊರಗಿನಿಂದ ಬಂದ ನನಗಿಂತ ನೀವು ಚೆನ್ನಾಗಿ ಬರೆಯಬಲ್ಲಿರಿ.

ಸೋಮವಾರ ಬೆಂಗಳೂರಿನ ಬಸ್ಸು ಹತ್ತುವವರು ಧಾರಾಳವಾಗಿ ಹತ್ತಿ. ದೇವನಹಳ್ಳಿ ದಾಟುವವರೆಗೆ ನಿದ್ದೆ ಎಳೆಯುತ್ತದೆ, ಮಲಗಿ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಒಂದು ಪುಟಕ್ಕೆ ಬೇಕಾದಷ್ಟು ಹೊತ್ತು ಹೇಗೂ ಸಿಗುತ್ತದೆ.