ಗಾಳಿಯಲ್ಲಿ ಬೆಳೆಯದ ರೋಗಾಣು



ಆಮ್ಲಜನಕವಿಲ್ಲದೆ ಮನುಷ್ಯನು ಕೆಲವು ನಿಮಿಷಗಳಾಚೆ ಬದುಕಲಾರನು. ಸೂಕ್ಷ್ಮಜೀವಿಗಳೆಲ್ಲಕ್ಕೂ ಈ ನಿಯಮ ಅನ್ವಯಿಸದು. ಕ್ಷಯದ ರೋಗಾಣುವಿನ ಬೆಳವಣಿಗೆಗೆ ಆಮ್ಲಜನಕ ಬೇಕೇ ಬೇಕು. ಹಾಗಾದರೆ ಕ್ಷಯರೋಗಿಯ ಕೋಣೆಯ ಕಿಟಕಿ ಮುಚ್ಚಬೇಕೇ ಎಂದು ಕೇಳುವವರುಂಟು. ಕೂಡದು; ಕಿಟಕಿ ತೆರೆದಿದ್ದರೆ ಕೆಮ್ಮಿನಿಂದ ಹೊರಬಿದ್ದ ರೋಗಾಣುಗಳು ಚದುರಿಹೋಗಿ, ಮನೆಯವರಿಗೆ ಅಂಟುವ ಸಂಭವ ತಗ್ಗುತ್ತದೆ. ಕರುಳಿನಲ್ಲಿ ವಾಸಿಸುವ ಹಲವು ಸೂಕ್ಷ್ಮಜೀವಿಗಳು ಆಮ್ಲಜನಕವಿದ್ದರೂ ಇಲ್ಲದಿದ್ದರೂ ಬೆಳೆಯಬಲ್ಲವು.

ನಾನು ಮುಖ್ಯವಾಗಿ ಹೇಳಬೇಕಾದುದು ಮೂರನೆಯ ಬಗೆಯನ್ನು ಕುರಿತು. ಧನುರ್ವಾಯುವಿನ ರೋಗಾಣು ಆಮ್ಲಜನಕವಿರುವಲ್ಲಿ ಬೆಳೆಯಲಾರದು. 1889ರಲ್ಲಿ ಜಪಾನಿನ ಕಿಟಸಾಟೊ ಅವರು ಬರ್ಲಿನ್ನಿನ ಕಾಕ್ ಅವರ ಪ್ರಯೋಗಾಲಯದಲ್ಲಿ, ಗಾಳಿಯನ್ನು ಹೊರದೂಡಿ ಜಲಜನಕ ತುಂಬಿದ ಪಾತ್ರೆಯಲ್ಲಿ, ಇದನ್ನು ಪ್ರತ್ಯೇಕಿಸಿ ಬೆಳೆಸಿದರು.

ಗಾಳಿಯಲ್ಲಿ ಬೆಳೆಯದ ಮೇಲೆ ಅದಕ್ಕೆ ಹೆದರುವುದೇಕೆ? ಬೀಜಕದ ರೂಪ ತಾಳಿ ಅದು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ವರ್ಷಗಟ್ಟಲೆ ಉಳಿಯಬಲ್ಲದು. ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಮನೆ ಕಟ್ಟುವ ಕೆಲಸಗಾರನ ಕಾಲಿಗೆ ಮೊಳೆ ಚುಚ್ಚಿತೆನ್ನಿ. ತುಕ್ಕಿನಿಂದಲೇ ಧನುರ್ವಾಯು ಬರುತ್ತದೆಂದು ಜನ ನಂಬುತ್ತಾರೆ; ತುಕ್ಕಿಗೆ ಆ ಶಕ್ತಿಯಿಲ್ಲ. ಮೊಳೆಗೆ ಮೆತ್ತಿದ ಮಣ್ಣು ಆಳಕ್ಕಿಳಿಯುತ್ತದೆ, ಗಾಯದ ಕಿರಿದಾದ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ಜಜ್ಜಿದ ಮಾಂಸಕ್ಕೆ ರಕ್ತ ಸರಿಯಾಗಿ ಹರಿಯದು. ಜೊತೆಗೆ ಸೇರಿದ ಇತರ ರೋಗಾಣುಗಳು ಉಳಿದಷ್ಟು ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಆಗ ಬೀಜಕವು ಮೊಳೆತು ವಿಷವನ್ನು ಉತ್ಪಾದಿಸುತ್ತದೆ. ವಿಷವು ನರಮಂಡಲವನ್ನು ಸೇರಿ ದವಡೆ ಬಿಗಿಯುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ.

ಆದುದರಿಂದ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು. ಕಾಫಿಪುಡಿ, ಸುಣ್ಣ, ಸಗಣಿಗಳನ್ನು ಮೆತ್ತಬಾರದು. ಆಳವಾದ ಗಾಯವಾದರೆ, ರಕ್ತ ನಿಂತಿದ್ದರೂ ಅಂದೇ ವೈದ್ಯರಿಗೆ ತೋರಿಸಬೇಕು.

ನವಜಾತ ಶಿಶುವಿನ ಹೊಕ್ಕುಳಬಳ್ಳಿಯ ತುದಿಯೂ ಒಂದು ಗಾಯವೇ. ಅಶುದ್ಧ ಬ್ಲೇಡಿನಿಂದ ಕತ್ತರಿಸಿದರೆ, ಮೇಲೆ ಬೂದಿಯೋ ಸಗಣಿಯೋ ಹಚ್ಚಿದರೆ, ಬೀಜಕಕ್ಕೆ ನಾವೇ ಎಡೆಮಾಡಿಕೊಟ್ಟಂತಾಯಿತು. ಮನೆಯಲ್ಲಿ ಹಿರಿಯರು ಎಷ್ಟೇ ಒತ್ತಾಯಿಸಿದರೂ ಅದಕ್ಕೆ ಏನನ್ನೂ ಹಚ್ಚದೆ ಒಣಗಲು ಬಿಡಿ. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಗಿದೆಯೆಂದು 2015ರಲ್ಲಿ ದೃಢಪಟ್ಟಿತು. ಆದರೆ ಮಣ್ಣಿನಲ್ಲಿರುವ ಬೀಜಕಗಳು ಅಳಿದಿಲ್ಲ. ಗರ್ಭಿಣಿಯು ಟಿ.ಡಿ. ಚುಚ್ಚುಮದ್ದು ಪಡೆದರೆ ಆಕೆಯ ರಕ್ತದ ರಕ್ಷಣೆ ಹೊಟ್ಟೆಯೊಳಗಿನ ಕೂಸಿಗೂ ದೊರೆಯುತ್ತದೆ. ಗರ್ಭ ನಿಂತದ್ದು ತಿಳಿದೊಡನೆ ಮೊದಲನೆಯದು, ನಾಲ್ಕು ವಾರಗಳ ಬಳಿಕ ಎರಡನೆಯದು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಹುಟ್ಟಿದಾಗ ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಎರಡು ದಿನಗಳ ನಂತರ ಬಾಯಿ ಬಿಗಿದು ಮೊಲೆ ಹಿಡಿಯದಾದರೆ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆತನ್ನಿ.