ಮೂರು ನಿಮಿಷದ ಪ್ಲೇಟು: ಖಾನ್ ಸಾಹೇಬರ ಧ್ವನಿಮುದ್ರಣಗಳು
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಗೀತದ ವಿಷಯದಲ್ಲಿ ನಮ್ಮ ಸಮಾಜದೊಳಗೆ ಎಲ್ಲರದೂ ಒಂದೇ ಅಭಿಪ್ರಾಯವಿಲ್ಲ. ಆ ಚರ್ಚೆಯನ್ನು ಇತ್ಯರ್ಥ ಮಾಡಲು ನಾನು ಇಲ್ಲಿ ನಿಂತಿಲ್ಲ. ಆ ಅಧಿಕಾರವೂ ನನ್ನದಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ಒಬ್ಬ ವಿದ್ವಾಂಸರ ವಿದ್ಯೆ ಅವರ ಜೊತೆಗೇ ಮಣ್ಣುಪಾಲಾಗದೆ ಹೇಗೆ ಉಳಿಯಿತು, ಗುರುವನ್ನು ಕಾಣದ ಮಕ್ಕಳನ್ನೂ ಅದು ಹೇಗೆ ಮುಟ್ಟಿತು ಎಂಬುದನ್ನು ನೋಡೋಣ. ವಿದ್ಯೆಯ ಹೆಸರಿನಲ್ಲಿ ಕಟ್ಟಿದ ಸಂಸ್ಥೆಯ ಸಭೆಯಲ್ಲಿ ಈ ಮಾತಿಗೆ ಜಾಗವಿದೆ ಎಂದು ಭಾವಿಸಿದ್ದೇನೆ.

ನಮ್ಮ ಕಡೆಯವರಿಗೆ ಮೀರಜ ಎಂದೊಡನೆ ನೆನಪಾಗುವುದು ದವಾಖಾನೆ. ರಾಯಬಾಗದಲ್ಲೋ ಚಿಂಚಲಿಯಲ್ಲೋ ಕುಡಚಿಯಲ್ಲೋ ಗಾಡಿ ಹತ್ತಿ, ಮಡಿಲಲ್ಲಿ ರೊಟ್ಟಿ ಗಂಟು, ಕೈಯಲ್ಲಿ ಎಕ್ಸ್‌ರೇ ಲಕೋಟೆ ಹಿಡಿದು ಮೀರಜಕ್ಕೆ ಹೋದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರೋ! ಹಾಗೆ ಹೋದವರಲ್ಲಿ ಕೆಲವರು ಖ್ವಾಜಾ ಮೀರಾಸಾಹೇಬರ ದರ್ಗಾಕ್ಕೂ ಹೋಗಿ ಬಂದಿರುತ್ತೀರಿ. ಅದೇ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರ ಸಮಾಧಿಯಿದೆ. ಪಕ್ಕದಲ್ಲೇ ಹಾದು ಹೋಗಿದ್ದರೂ ಅದು ಯಾರದೆಂದು ಕೇಳಿದವರು ಕಡಿಮೆ.

ಖಾನ್ ಸಾಹೇಬರು ಈ ಸೀಮೆಯವರಲ್ಲ. ಅವರು 1872ರಲ್ಲಿ ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ ಹುಟ್ಟಿದರು. ಕಿರಾನಾ ಘರಾಣೆಗೆ ಹೆಸರು ಬಂದದ್ದು ಆ ಊರಿನಿಂದಲೇ. ಬರೋಡಾ, ಮುಂಬಯಿ, ಪುಣೆ ಎಲ್ಲ ಸುತ್ತಿ ಕೊನೆಗೆ ಅವರು ನೆಲೆನಿಂತದ್ದು ಮೀರಜದಲ್ಲಿ. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವೆಂಬ ಶಾಲೆ ತೆರೆದು ಜಾತಿ ಮತ ನೋಡದೆ ಮಕ್ಕಳಿಗೆ ಕಲಿಸಿದರು. ಮೈಸೂರು ಅರಮನೆಯಿಂದ ಅವರಿಗೆ ಕರೆ ಬರುತ್ತಿತ್ತು. ಹೋಗಿ ಬರುವ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಲ್ಲಿ ಇಳಿದು ಹಾಡುತ್ತಿದ್ದರು. ಕುಂದಗೋಳದ ರಾಮಚಂದ್ರ ಎಂಬ ಹುಡುಗ ಅವರ ಶಿಷ್ಯನಾಗಿ ಮುಂದೆ ಸವಾಯಿ ಗಂಧರ್ವರೆಂದು ಪ್ರಸಿದ್ಧನಾದ. 1937ರ ಅಕ್ಟೋಬರ್ 27ರಂದು, ಮದ್ರಾಸಿನಿಂದ ಪಾಂಡಿಚೇರಿಗೆ ಹೊರಟಾಗ ದಾರಿಯಲ್ಲಿ ಮೈಯಲ್ಲಿ ಸರಿಯಿಲ್ಲದೆ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನಲ್ಲೇ ಹಾಸಿಗೆ ಹಾಸಿಸಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಮಾಡುತ್ತ ಕಣ್ಣು ಮುಚ್ಚಿದರೆಂದು ಹೇಳುತ್ತಾರೆ. ಪಾರ್ಥಿವ ಶರೀರವನ್ನು ಅಷ್ಟು ದೂರದಿಂದ ಮೀರಜಕ್ಕೆ ತಂದು ಮಣ್ಣು ಕೊಟ್ಟರು.

ಜೀವನಚರಿತ್ರೆ ಇಷ್ಟು ಸಾಕು. ಈಗ ಪ್ಲೇಟುಗಳಿಗೆ ಬರುತ್ತೇನೆ.

ನಮ್ಮ ದೇಶದಲ್ಲಿ ಗ್ರಾಮಾಫೋನ್ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಗೌಹರ್ ಜಾನ್ ಅವರ ಹಾಡುಗಳು ಆಗಲೇ ಮುದ್ರಣವಾದವು. ಆ ಕಾಲಕ್ಕೆ ಮೈಕ್ ಇರಲಿಲ್ಲ. ಗೋಡೆಯಿಂದ ಹೊರಗೆ ಚಾಚಿದ ದೊಡ್ಡ ತುತ್ತೂರಿಯಂಥ ಕೊಳವೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಆ ದನಿಯ ಕಂಪನವೇ ಸೂಜಿಯನ್ನು ಅಲುಗಾಡಿಸಿ ಮೇಣದಲ್ಲಿ ಗೀರು ಮೂಡಿಸುತ್ತಿತ್ತು. ಖಾನ್ ಸಾಹೇಬರು 1905ರ ಸುಮಾರಿಗೆ ಹೀಗೆ ಹಾಡಿದವರು. ಆದರೆ ಅವರದು ಕೂಗುವ ದನಿಯಲ್ಲ. ಸಣ್ಣ, ಸೂಕ್ಷ್ಮವಾದ, ಎಳೆ ಎಳೆಯಾಗಿ ಬಿಚ್ಚುವ ದನಿ. ಅಂಥ ದನಿಗೆ ಕೊಳವೆ ಏನು ನ್ಯಾಯ ಒದಗಿಸೀತು? 1925ರ ನಂತರ ವಿದ್ಯುತ್ ಮೈಕಿನ ಧ್ವನಿಮುದ್ರಣ ಬಂತು. 1930ರ ದಶಕದ ನಡುವೆ, ಅರವತ್ತು ದಾಟಿದ ಖಾನ್ ಸಾಹೇಬರು ಓಡಿಯನ್ ಕಂಪನಿಗಾಗಿ ಮತ್ತೆ ಹಾಡಿದರು. ಇಂದು ಜಗತ್ತು ಅವರನ್ನು ಬಲ್ಲದ್ದು ಮುಖ್ಯವಾಗಿ ಆ ಪ್ಲೇಟುಗಳಿಂದ. ಯಂತ್ರ ಸುಧಾರಿಸುವವರೆಗೆ ಅವರು ಬದುಕಿದ್ದದ್ದು ನಮ್ಮ ಭಾಗ್ಯ.

ಆ ಪ್ಲೇಟು ಹೇಗಿರುತ್ತಿತ್ತು ಎಂದು ಇಂದಿನ ಹುಡುಗರಿಗೆ ಹೇಳಬೇಕು. ಅರಗು, ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತಿದ ಕಪ್ಪು ತಟ್ಟೆ. ಅಗಲ ಹತ್ತು ಇಂಚು. ನಿಮಿಷಕ್ಕೆ 78 ಸುತ್ತು. ಕೈಜಾರಿ ಬಿದ್ದರೆ ಹಂಚಿನಂತೆ ಒಡೆಯುತ್ತಿತ್ತು. ಒಂದು ಮಗ್ಗುಲಿಗೆ ಮೂರು ನಿಮಿಷ, ಹೆಚ್ಚೆಂದರೆ ಮೂರೂಕಾಲು. ರಾತ್ರಿಯಿಡೀ ಹಾಡಿದರೂ ಮುಗಿಯದ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದೆಂದರೆ ಹೊಲದ ಬೆಳೆಯನ್ನು ಒಂದು ಸೇರಿನಲ್ಲಿ ಅಳೆದು ಕೊಟ್ಟಂತೆ. ಅನೇಕ ದೊಡ್ಡ ಗಾಯಕರು ಇದರಲ್ಲಿ ಸೋತರು. ಅವಸರದಲ್ಲಿ ತಾನುಗಳನ್ನು ಸುರಿದು ಮುಗಿಸಿದರು. ಖಾನ್ ಸಾಹೇಬರ ಬಸಂತ, ಜೋಗಿಯಾ, ಝಿಂಝೋಟಿ ಪ್ಲೇಟುಗಳನ್ನು ಕೇಳಿದರೆ ಅವಸರವೇ ಕಾಣುವುದಿಲ್ಲ. ಮೊದಲ ಸ್ವರದ ಮೇಲೆ ನಿಂತಾಗ ಮುಂದೆ ಮೂರು ಗಂಟೆ ಸಮಯವಿದೆ ಎನ್ನುವಂತೆ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಅವರ ದೊಡ್ಡಸ್ತಿಕೆ ಇದರಲ್ಲಿದೆ. ತ್ಯಾಗರಾಜರ ತೆಲುಗು ಕೃತಿಯೊಂದನ್ನು ಖರಹರಪ್ರಿಯದಲ್ಲಿ ಹಾಡಿದ ಪ್ಲೇಟೂ ಇದೆ. ಕೈರಾನಾದ ಮುಸಲ್ಮಾನ ಉಸ್ತಾದರು ದಕ್ಷಿಣದ ಭಕ್ತರ ಕೃತಿಯನ್ನು ಕಲಿತು ಹಾಡಿದರೆಂಬುದು ಅಂದಿನ ಕೇಳುಗರಿಗೆ ವಿಚಿತ್ರವೆನಿಸಲಿಲ್ಲ ಎಂಬುದನ್ನೂ ಗಮನಿಸಬೇಕು.

ಇನ್ನೊಂದು ಸಂಗತಿ. ನಿಪ್ಪಾಣಿ, ಚಿಕ್ಕೋಡಿ ಕಡೆಯಿಂದ ದೂರವಲ್ಲದ ಕುರುಂದವಾಡದಲ್ಲಿ ಗ್ವಾಲಿಯರಿನ ರಹಿಮತ್ ಖಾನರು ತಮ್ಮ ಕೊನೆಯ ಕಾಲ ಕಳೆದರು. ಸರ್ಕಸ್ಸಿನ ಛತ್ರೆ ಮನೆತನದವರು ಅವರನ್ನು ಸಾಕಿ ಸಲಹಿದರು. 1922ರಲ್ಲಿ ರಹಿಮತ್ ಖಾನರು ತೀರಿಕೊಂಡರು. ಅಬ್ದುಲ್ ಕರೀಂ ಖಾನರು ಅವರ ಗಾಯನಕ್ಕೆ ಮಾರುಹೋದವರು. ಇಬ್ಬರೂ ಭೈರವಿಯಲ್ಲಿ ಹಾಡಿದ ‘ಜಮುನಾ ಕೆ ತೀರ್’ ಪ್ಲೇಟುಗಳು ಉಳಿದಿವೆ. ಒಂದರ ಹಿಂದೆ ಒಂದು ಕೇಳಿದರೆ, ಹಿರಿಯರಿಂದ ಕಿರಿಯರು ಏನನ್ನು ಪಡೆದರು, ಏನನ್ನು ಬದಲಿಸಿದರು ಎಂಬುದು ಕಿವಿಗೇ ತಿಳಿಯುತ್ತದೆ. ಪುಸ್ತಕದಲ್ಲಿ ನೂರು ಪುಟ ಬರೆದರೂ ಇದು ತಿಳಿಯದು.

ಈಗ ಆ ಪ್ಲೇಟು ಯಾರನ್ನು ಮುಟ್ಟಿತು ನೋಡಿ. ಗದಗದಲ್ಲಿ ಶಾಲಾ ಮಾಸ್ತರರ ಮಗನೊಬ್ಬ ಅಂಗಡಿಯ ಮುಂದೆ ನಿಂತು ಖಾನ್ ಸಾಹೇಬರ ಝಿಂಝೋಟಿ ಠುಮ್ರಿಯ ಪ್ಲೇಟು ಕೇಳುತ್ತಿದ್ದ. ಹಾಡಿದರೆ ಹೀಗೆ ಹಾಡಬೇಕು ಎಂದು ಹಟ ತೊಟ್ಟ. 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿ ಮನೆ ಬಿಟ್ಟು ಹೊರಟ. ಕೈಯಲ್ಲಿ ಕಾಸಿಲ್ಲ, ರೈಲಿನಲ್ಲಿ ಹಾಡುತ್ತ ಉತ್ತರ ಹಿಂದುಸ್ಥಾನವನ್ನೆಲ್ಲ ಅಲೆದ. ಕೊನೆಗೆ ಅವನಿಗೆ ಗುರು ದೊರೆತದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ರೂಪದಲ್ಲಿ. ಆ ಹುಡುಗನೇ ಭೀಮಸೇನ ಜೋಶಿ. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. ಈ ಕಥೆಯನ್ನು ಜೋಶಿಯವರು ಜೀವನದುದ್ದಕ್ಕೂ ಹೇಳುತ್ತಿದ್ದರು.

ಗಂಗೂಬಾಯಿ ಹಾನಗಲ್ಲರೂ ಚಿಕ್ಕಂದಿನಲ್ಲಿ ಗ್ರಾಮಾಫೋನಿನ ಸದ್ದು ಕೇಳಿಸಿದರೆ ಬೀದಿಗೆ ಓಡುತ್ತಿದ್ದವರು. ಅವರ ತಾಯಿ ಅಂಬಾಬಾಯಿಯವರ ಕರ್ನಾಟಕ ಸಂಗೀತ ಕೇಳಲು ಖಾನ್ ಸಾಹೇಬರೇ ಧಾರವಾಡದ ಅವರ ಮನೆಗೆ ಬರುತ್ತಿದ್ದರು. ಪ್ರಸಿದ್ಧ ಉಸ್ತಾದರು ಒಬ್ಬ ಬಡ ಹೆಣ್ಣುಮಗಳ ಮನೆಯಲ್ಲಿ ಕೂತು ಕಲಿಯುವವರಂತೆ ಕೇಳುವುದೆಂದರೆ! ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ನಿಮ್ಮಲ್ಲಿ ಕೆಲವರು ಗಿಟಾರ್ ಹಿಡಿದವರಿದ್ದೀರಿ. ಮುದುಕರ ಪ್ಲೇಟಿನ ಮಾತು ನಮಗೇಕೆ ಎನ್ನಬೇಡಿ. ನೀವು ಕೇಳುವ ರಾಕ್ ಸಂಗೀತದ ಬೇರೂ ಇಂಥದೇ ಪ್ಲೇಟುಗಳಲ್ಲಿದೆ. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡಿಗೆ ಬ್ಲೂಸ್ ಎನ್ನುತ್ತಾರೆ. ಮಿಸಿಸಿಪ್ಪಿಯ ರಾಬರ್ಟ್ ಜಾನ್ಸನ್ ಎಂಬ ಯುವಕ 1936 ಮತ್ತು 1937ರಲ್ಲಿ 29 ಹಾಡುಗಳನ್ನು 78 ಸುತ್ತಿನ ಪ್ಲೇಟಿಗಾಗಿ ಹಾಡಿದ; 1938ರಲ್ಲಿ 27ನೆಯ ವಯಸ್ಸಿಗೆ ಸತ್ತ. ಬಹುಮಟ್ಟಿಗೆ ಖಾನ್ ಸಾಹೇಬರ ಓಡಿಯನ್ ಪ್ಲೇಟುಗಳ ಕಾಲವೇ ಅದು. 1961ರಲ್ಲಿ ಆ ಹಾಡುಗಳಲ್ಲಿ ಕೆಲವನ್ನು ಎಲ್‌ಪಿ ಮಾಡಿ ಹೊರತಂದಾಗ ಇಂಗ್ಲೆಂಡಿನ ಹುಡುಗರು ಹುಚ್ಚೆದ್ದು ಕೇಳಿದರು. ಅದೇ ವರ್ಷ ಡಾರ್ಟ್‌ಫರ್ಡ್ ಎಂಬ ಊರಿನ ರೈಲು ನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್ ತನ್ನ ಹಳೆಯ ಗೆಳೆಯ ಮಿಕ್ ಜ್ಯಾಗರನನ್ನು ಕಂಡ. ಅವನ ಕಂಕುಳಲ್ಲಿ ಚಕ್ ಬೆರಿ, ಮಡ್ಡಿ ವಾಟರ್ಸರ ರೆಕಾರ್ಡುಗಳಿದ್ದವು. ಅಲ್ಲಿಂದ ಮಾತು ಬೆಳೆದು ರೋಲಿಂಗ್ ಸ್ಟೋನ್ಸ್ ತಂಡ ಹುಟ್ಟಿತು. ತಂಡದ ಹೆಸರೂ ಮಡ್ಡಿ ವಾಟರ್ಸರ ಹಾಡಿನದೇ. 1968ರಲ್ಲಿ ಕ್ರೀಮ್ ಎಂಬ ತಂಡ ಜಾನ್ಸನ್ನನ ಹಾಡೊಂದನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿ ಹೆಸರು ಮಾಡಿತು. ಹುಡುಗರು ಶ್ರೀಮಂತರಾದರು, ಮೂಲದಲ್ಲಿ ಹಾಡಿದ ಅನೇಕರಿಗೆ ಕಾಸು ಮುಟ್ಟಲಿಲ್ಲ ಎಂಬುದೂ ನಿಜ.

ಆ ಗಾಳಿ ನಮ್ಮ ದೇಶಕ್ಕೂ ಬೀಸಿತು. ಅರವತ್ತರ ದಶಕದಲ್ಲಿ ಬೆಂಗಳೂರು, ಮದ್ರಾಸು, ಮುಂಬಯಿ, ಕಲ್ಕತ್ತೆ, ಶಿಲ್ಲಾಂಗಗಳಲ್ಲಿ ಕಾಲೇಜು ಹುಡುಗರು ಗಿಟಾರ್ ತಂಡ ಕಟ್ಟಿದರು. ಸಿಗರೇಟು ಕಂಪನಿಯೊಂದು ತನ್ನ ‘ಸಿಮ್ಲಾ’ ಸಿಗರೇಟಿನ ಪ್ರಚಾರಕ್ಕೆ ಸ್ಪರ್ಧೆ ನಡೆಸಿ, 1970 ಮತ್ತು 1971ರಲ್ಲಿ ಕೆಲವು ತಂಡಗಳ ಹಾಡುಗಳನ್ನು ಎರಡು ಎಲ್‌ಪಿಗಳಲ್ಲಿ ಹೊರತಂದಿತು. (ತಂಬಾಕು ಎಂದೊಡನೆ ನಿಪ್ಪಾಣಿಯವರು ಕಿವಿ ನೆಟ್ಟಗೆ ಮಾಡಿದಿರಿ, ನಿಮ್ಮದು ಬೀಡಿ ತಂಬಾಕು, ಇದು ಬೇರೆ.) ವರ್ಷಗಟ್ಟಲೆ ಹೋಟೆಲು, ಕಾಲೇಜುಗಳಲ್ಲಿ ನುಡಿಸಿದ ಈ ತಂಡಗಳಲ್ಲಿ ಕೆಲವದರ ಗುರುತಾಗಿ ಇಂದು ಉಳಿದದ್ದು ಆ ಎಲ್‌ಪಿಯ ಒಂದೋ ಎರಡೋ ಹಾಡು. ಎಲ್‌ಪಿಗೆ ಸೇರದ ತಂಡಗಳ ದನಿ ಕೇಳಬೇಕೆಂದರೆ ಕೇಳಿದವರ ನೆನಪನ್ನೇ ಕೇಳಬೇಕು.

ಈ ಮಾತನ್ನು ನಮ್ಮ ಊರುಗಳಿಗೆ ತರುತ್ತೇನೆ. ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರು ನಮ್ಮ ಸೀಮೆಯಲ್ಲಿ ಇದ್ದಾರೆ. ಅವರಲ್ಲಿ ಮುಸಲ್ಮಾನರಿದ್ದಂತೆ ಹಿಂದೂ ಬಾಂಧವರೂ ಇದ್ದಾರೆ. ಒಂದೊಂದು ಊರಿಗೆ ಒಂದೊಂದು ಧಾಟಿ. ಈ ಪದಗಳ ಸಾಹಿತ್ಯ ಅಲ್ಲಲ್ಲಿ ಅಚ್ಚಾಗಿದೆ. ಆದರೆ ಧಾಟಿ ಅಚ್ಚಿಗೆ ಸಿಗುವ ವಸ್ತುವಲ್ಲ. ಅದು ಹಾಡುವ ಅಜ್ಜನ ಗಂಟಲಲ್ಲಿದೆ. ಎಸ್. ಕೆ. ಕರೀಂಖಾನ್ ಅವರು ಹಳ್ಳಿ ಹಳ್ಳಿ ತಿರುಗಿ ಜನಪದ ಹಾಡುಗಳನ್ನು ಕೂಡಿಹಾಕಿದರು. 2006ರಲ್ಲಿ ಅವರು ತೀರಿಕೊಂಡರು. ಅವರಿಗಿಲ್ಲದ ಸೌಕರ್ಯ ನಿಮಗಿದೆ. ನಿಮ್ಮ ಜೇಬಿನ ಮೊಬೈಲು ಓಡಿಯನ್ ಕಂಪನಿಯ ಯಂತ್ರಕ್ಕಿಂತ ಹೆಚ್ಚು ಸಮರ್ಥವಾದದ್ದು. ಮೂರು ನಿಮಿಷಕ್ಕೆ ನಿಲ್ಲುವುದೂ ಇಲ್ಲ.

ಆದರೆ ಮೊಬೈಲಿನಲ್ಲಿ ಹಿಡಿದದ್ದೆಲ್ಲ ಉಳಿಯುತ್ತದೆ ಎಂದು ತಿಳಿಯಬೇಡಿ. ಹಬ್ಬದ ಗದ್ದಲದಲ್ಲಿ ದೂರದಿಂದ ಹಿಡಿದ ವಿಡಿಯೋದಲ್ಲಿ ಸ್ಪೀಕರಿನ ಕರ್ಕಶ ಬಿಟ್ಟು ಬೇರೇನೂ ಇರುವುದಿಲ್ಲ. ಅಜ್ಜನ ಮನೆಗೆ ಹೋಗಿ. ಅವರ ಒಪ್ಪಿಗೆ ಕೇಳಿ. ಫ್ಯಾನು ಆರಿಸಿ, ಫೋನನ್ನು ಒಂದು ಮೊಳದ ಅಂತರದಲ್ಲಿ ಇಟ್ಟು, ಹಾಡುವ ಮೊದಲು ಅವರ ಹೆಸರು, ಊರು, ದಿನಾಂಕ, ಯಾರಿಂದ ಕಲಿತದ್ದು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಗೌಹರ್ ಜಾನ್ ತಮ್ಮ ಪ್ಲೇಟಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ನೂರು ವರ್ಷ ದಾಟಿದರೂ ಆ ಹಾಡು ಯಾರದೆಂಬ ಗೊಂದಲವಿಲ್ಲ. ಎರಡು ಕಡೆ ಪ್ರತಿ ಇಡಿ. ಒಂದು ಪ್ರತಿ ಸಂಸ್ಥೆಯ ಗ್ರಂಥಾಲಯದಲ್ಲಿರಲಿ. ಇದಕ್ಕೊಂದು ಕಪಾಟು, ಒಂದು ರಿಜಿಸ್ಟರು ಕೊಡಬೇಕೆಂದು ಪದಾಧಿಕಾರಿಗಳಲ್ಲಿ ಈ ವೇದಿಕೆಯಿಂದಲೇ ಬೇಡಿಕೊಳ್ಳುತ್ತೇನೆ.

ಮನೆಯಲ್ಲಿ ಹಳೆಯ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಪೇರಿಸಬೇಡಿ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದಂತೆ ಇಡಿ. ಕವ್ವಾಲಿಯ, ಪದಗಳ ಕ್ಯಾಸೆಟ್ಟುಗಳಿದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಕೇಳಿ ನೋಡಿ. ನಡುವೆ ನಿಮ್ಮ ತಾತನೇ ಮಾತಾಡಿರಬಹುದು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮೇಲೆ 60 ವರ್ಷ ಮಾತ್ರ. ಆದ್ದರಿಂದ ಖಾನ್ ಸಾಹೇಬರ ಮೂಲ ಪ್ಲೇಟುಗಳನ್ನು ಪ್ರತಿ ಮಾಡಿ ಕಾಪಿಡಲು ಯಾರ ಅಡ್ಡಿಯೂ ಇಲ್ಲ.

 ಅಧ್ಯಕ್ಷರು ನನಗೆ ಇನ್ನೂ ಐದು ನಿಮಿಷ ಉಳಿದಿದೆ ಎನ್ನುತ್ತಿದ್ದಾರೆ. ಆ ಝಿಂಝೋಟಿ ನನ್ನ ಮೊಬೈಲಿನಲ್ಲಿದೆ; ಮೈಕಿನ ಹತ್ತಿರ ಹಿಡಿಯುತ್ತೇನೆ. ಮೊದಲು ಸ್ವಲ್ಪ ಕರಕರ ಸದ್ದು ಬರುತ್ತದೆ, ಅದು ಪ್ಲೇಟಿನದು. ಹಿಂದೆ ಕೂತ ಹುಡುಗರು ಬೇಕಾದರೆ ಮುಂದೆ ಬನ್ನಿ.